ಅಂಗೈ ಮೇಲೆ ಎದ್ದ ತೆಂಗಿನಕಾಯಿ

ಚಳ್ಳಕೆರೆಯ ಒಂದು ಹೈಸ್ಕೂಲಿನಲ್ಲಿ ನಾನು ವಿಜ್ಞಾನದ ಮೇಷ್ಟ್ರು. ಮನೆಯಲ್ಲಿ ಉರ್ದು, ಹೊರಗೆ ಕನ್ನಡ. ದೇವರಲ್ಲಿ ನನಗಿದ್ದ ನಂಬಿಕೆ ಹೋಗಿ ಬಹಳ ಕಾಲವಾಯಿತು. ಜಗಳವಾಡಿ ಬಿಟ್ಟದ್ದಲ್ಲ, ಪ್ರಶ್ನೆ ಕೇಳುತ್ತ ಕೇಳುತ್ತ ಅದು ತಾನಾಗಿಯೇ ಕಳಚಿಕೊಂಡಿತು. ಹಬ್ಬದ ದಿನ ಎಲ್ಲರ ಜೊತೆ ಊಟಕ್ಕೆ ಕೂರುತ್ತೇನೆ, ನಮಾಜಿಗೆ ಹೋಗುವುದಿಲ್ಲ. ಮನೆಯವರು ಇದಕ್ಕೆ ಒಗ್ಗಿಕೊಂಡಿದ್ದಾರೆ.

ನಮ್ಮ ಶಾಲೆಯ ಕನ್ನಡ ಮೇಷ್ಟ್ರು ನನ್ನ ಗೆಳೆಯ, ನನ್ನಿವಾಳದವನು. ಒಂದು ದಿನ ಅವನು, "ನಮ್ಮಪ್ಪ ಹೊಲದಾಗೆ ಬೋರ್ ಹಾಕಿಸ್ತಾನಂತೆ. ಮೊಳಕಾಲ್ಮೂರು ಕಡೆಯಿಂದ ನೀರಿನ ಪಾಯಿಂಟ್ ಮಾಡೋರು ಬರ್ತಾರೆ. ನೋಡ್ಬೇಕು ಅಂತಿದ್ಯಲ್ಲ, ಬಾರಲೇ" ಎಂದ. ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ನಡೆಯುತ್ತಾರೆ, ಕೆಳಗೆ ನೀರಿರುವ ಜಾಗದಲ್ಲಿ ಮಲಗಿದ್ದ ಕಾಯಿ ಎದ್ದು ನಿಲ್ಲುತ್ತದೆ ಎಂದು ಕೇಳಿದ್ದೆ. ನೋಡಿರಲಿಲ್ಲ.

ಬಂದವರು ಅರವತ್ತರ ಆಸುಪಾಸಿನ ಮನುಷ್ಯ. ಬಿಳಿ ಪಂಚೆ, ಹೆಗಲ ಮೇಲೆ ಟವೆಲ್ಲು, ಮಾತಿನಲ್ಲಿ ಅರ್ಧ ತೆಲುಗು. ಉತ್ತಿದ್ದ ಹೊಲದಲ್ಲಿ ಅವರು ನಿಧಾನವಾಗಿ ನಡೆದರು. ಒಂದು ಕಡೆ ಕಾಯಿ ಸರಕ್ಕನೆ ಎದ್ದು ನಿಂತಿತು. ಗೆಳೆಯನ ಅಪ್ಪ ಅಲ್ಲಿಗೊಂದು ಕಲ್ಲು ತಂದಿಟ್ಟು ಕೈಮುಗಿದರು.

ನಾನು ಅಳುಕುತ್ತಲೇ ಕೇಳಿದೆ: "ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಇನ್ನೊಂದು ಸಲ ನಡೀತೀರಾ? ಅದೇ ಜಾಗದಲ್ಲಿ ಏಳುತ್ತಾ ನೋಡೋಣ."

ಗೆಳೆಯ ನನ್ನ ಕಾಲು ತುಳಿದ. ಆದರೆ ಆ ಹಿರಿಯರಿಗೆ ಸಿಟ್ಟು ಬರಲಿಲ್ಲ. "ಇಷ್ಟು ವರ್ಷದಾಗೆ ಒಬ್ಬರೂ ಹಿಂಗೆ ಕೇಳಿಲ್ಲ ನೋಡ್ರಿ. ಕಟ್ರಿ" ಎಂದು ತಮ್ಮ ಟವೆಲ್ಲನ್ನೇ ಕೊಟ್ಟರು.

ಕಣ್ಣು ಕಟ್ಟಿ, ನಿಂತಲ್ಲೇ ಒಂದೆರಡು ಸುತ್ತು ತಿರುಗಿಸಿ ಬಿಟ್ಟೆವು. ಕಲ್ಲಿನ ಪಕ್ಕದಲ್ಲೇ ಹಾದುಹೋದರು. ಕಾಯಿ ಮಲಗಿಯೇ ಇತ್ತು. ದೂರದ ಬೇವಿನ ಮರದ ಹತ್ತಿರ ಎದ್ದು ನಿಂತಿತು. ಟವೆಲ್ಲು ಬಿಚ್ಚಿ, ಕಲ್ಲು ಎಲ್ಲಿದೆ, ತಾವೆಲ್ಲಿದ್ದೇವೆ ಎಂದು ನೋಡಿಕೊಂಡರು. "ಏಮಿ ಇದು? ಮತ್ತೆ ಕಟ್ರಿ" ಎಂದರು. ಈ ಸಲ ಬದುವಿನ ಅಂಚಿನಲ್ಲಿ ಎದ್ದಿತು.

ಅವರು ಕಾಯಿಯನ್ನು ತಿರುಗಿಸಿ ತಿರುಗಿಸಿ ನೋಡಿದರು. "ನಾನಂತೂ ಎಬ್ಬಿಸ್ತಿಲ್ಲ ಮೇಷ್ಟ್ರೇ, ಆಣೆ ಮಾಡ್ತೀನಿ. ಮತ್ತೆ ಎಬ್ಬಿಸಾರು ಯಾರು?"

ಮನಸ್ಸು ಒಂದನ್ನು ಕಾಯುತ್ತಿದ್ದರೆ ಕೈ ನಮಗೇ ಗೊತ್ತಾಗದಷ್ಟು ವಾಲುತ್ತದೆ, ಅಷ್ಟೇ ಸಾಕು ಕಾಯಿ ಏಳುವುದಕ್ಕೆ ಎಂದೆ. ಅವರು ತಲೆಯಾಡಿಸಿ ನನ್ನ ಕೈ ಹಿಡಿದು ಅಂಗೈ ಮೇಲೆ ಕಾಯಿ ಮಲಗಿಸಿದರು. "ನಿಮಗೆ ಎಲ್ಲಾ ಗೊತ್ತೈತಲ್ಲ, ನೀವು ನಡೀರಿ."

ನಡೆದೆ. ಕೈ ಅಲುಗಬಾರದೆಂದು ಉಸಿರು ಹಿಡಿದುಕೊಂಡಿದ್ದೆ. ಕಲ್ಲಿನ ಹತ್ತಿರ ಬಂದಾಗ ನನ್ನ ಅಂಗೈ ಮೇಲಿನ ಕಾಯಿ ಎದ್ದು ನಿಂತಿತು. ಮೈಯೆಲ್ಲ ಜುಮ್ಮೆಂದಿತು. ಕಾರಣ ನನಗೆ ಗೊತ್ತಿತ್ತು, ಆಗತಾನೇ ನಾನೇ ಹೇಳಿದ್ದೆ. ಆದರೂ ಯಾರೋ ಕೆಳಗಿನಿಂದ ಎತ್ತಿದ ಹಾಗೇ ಅನಿಸಿತು. ಜನ ಯಾಕೆ ನಂಬುತ್ತಾರೆ ಎಂಬುದು ಆವತ್ತು ನನ್ನ ಚರ್ಮಕ್ಕೆ ಗೊತ್ತಾಯಿತು. ಕಣ್ಣು ಕಟ್ಟಿಕೊಂಡು ನಡೆದಾಗ ನನಗೂ ಎಲ್ಲೆಲ್ಲೋ ಎದ್ದಿತು.

ಗೆಳೆಯನ ಅಪ್ಪ ಮಾತ್ರ ಕಲ್ಲಿದ್ದ ಜಾಗದಲ್ಲೇ ಬೋರ್ ಹಾಕಿಸಿದರು. ನೀರು ಬಂತು. "ಈಗೇನು ಹೇಳ್ತೀಯಪ್ಪಾ?" ಎಂದು ನಕ್ಕರು. ಬೇವಿನ ಮರದ ಹತ್ತಿರ ಕೊರೆದಿದ್ದರೂ ಬರುತ್ತಿತ್ತೇನೋ ಎಂದೆ. ಆದರೆ ಬರೀ ನನ್ನ ಅನುಮಾನ ತೀರಿಸಲು ಇನ್ನೊಂದು ಬೋರ್ ಹಾಕಿಸುವವರು ಯಾರು? ಕಾಯಿ ಏಳದ ಕಡೆ ಯಾರೂ ಕೊರೆಯುವುದಿಲ್ಲ, ಹಾಗಾಗಿ ಕಾಯಿಯ ತಪ್ಪು ಯಾರ ಕಣ್ಣಿಗೂ ಬೀಳುವುದಿಲ್ಲ.

ಆ ದಿನ ಯಾರೋ ಮೊಬೈಲಿನಲ್ಲಿ ವಿಡಿಯೊ ಮಾಡಿದ್ದರು. ಅದು ಊರಿನ ವಾಟ್ಸಾಪ್ ಗುಂಪುಗಳಲ್ಲಿ ಓಡಾಡತೊಡಗಿದಾಗ ಅಡಿಬರಹ ಬೇರೆಯಾಗಿತ್ತು: ನಮ್ಮ ಹಿರಿಯರ ಕಣ್ಣಿಗೆ ಬಟ್ಟೆ ಕಟ್ಟಿ ಗೇಲಿ ಮಾಡಿದ ಸಾಬರ ಮೇಷ್ಟ್ರು. ನಮಾಜು ಮಾಡದ ನಾನು ಒಂದೇ ದಿನದಲ್ಲಿ ಪಕ್ಕಾ ಸಾಬನಾದೆ. ಶಾಲೆಗೆ ಹೋಗಲು ಹಿಂಜರಿದೆ. ಸುದ್ದಿ ತಿಳಿದ ಆ ಹಿರಿಯರು ಗೆಳೆಯನಿಗೆ ಫೋನ್ ಮಾಡಿ, ಒಂದು ವಾಯ್ಸ್ ಮೆಸೇಜ್ ಕಳಿಸಿದರು. "ಟವೆಲ್ ನಂದು, ಕಣ್ಣು ನಂದು, ಕಟ್ಟಿಸ್ಕಂಡಿದ್ದೂ ನಾನೇ. ನನಗೂ ನೋಡ್ಬೇಕು ಅನ್ನಿಸ್ತು. ನಿಮಗೇನಪ್ಪಾ ಅದರಾಗೆ?" ಗೆಳೆಯ ಅದನ್ನು ಎಲ್ಲ ಗುಂಪುಗಳಿಗೂ ಹಾಕಿದ. ಗಲಾಟೆ ಮೆಲ್ಲಗೆ ತಣ್ಣಗಾಯಿತು.

ಆದರೆ ಗುಂಪಿನಲ್ಲಿ ಒಬ್ಬ ಕೇಳಿದ್ದ ಪ್ರಶ್ನೆ ನನ್ನಲ್ಲಿ ಉಳಿದುಕೊಂಡಿತು: ನಿಮ್ಮವರ ಕಣ್ಣಿಗೂ ಬಟ್ಟೆ ಕಟ್ಟುತ್ತೀಯಾ? ಸಿಟ್ಟಿನಲ್ಲಿ ಕೇಳಿದ್ದು, ಆದರೂ ಸರಿಯಾದ ಪ್ರಶ್ನೆಯೇ.

ನಮ್ಮ ಖಾಲಾ, ಅಂದರೆ ಅಮ್ಮಿಯ ತಂಗಿ, ಸ್ವಲ್ಪ ದಿನದ ಹಿಂದೆ ಕಳುವಾದ ಕಿವಿಯೋಲೆಗಾಗಿ ಲೋಟಾ ತಿರುಗಿಸಿದ್ದರು. ಇಬ್ಬರು ಬೆರಳ ತುದಿಯಲ್ಲಿ ಲೋಟಾ ಎತ್ತಿ ಹಿಡಿಯಬೇಕು, ಅದರೊಳಗೆ ಒಂದೊಂದೇ ಹೆಸರಿನ ಚೀಟಿ ಹಾಕಬೇಕು. ಕಳ್ಳರ ಹೆಸರಿಗೆ ಲೋಟಾ ತಾನೇ ತಿರುಗುತ್ತದಂತೆ. ಅದು ಮನೆಗೆಲಸದವಳ ಹೆಸರಿಗೆ ತಿರುಗಿತ್ತು. ಅವಳನ್ನು ಕೆಲಸದಿಂದ ಬಿಡಿಸಿದ್ದರು.

ನಾನು ಖಾಲಾ ಮನೆಗೆ ಹೋಗಿ, ಹೊಲದಲ್ಲಿ ನನ್ನ ಕೈಯೇ ನನಗೆ ಮೋಸ ಮಾಡಿದ ಕತೆಯನ್ನೆಲ್ಲ ಹೇಳಿ, ಲೋಟಾ ಇನ್ನೊಂದು ಸಲ ತಿರುಗಿಸಿ ನೋಡೋಣ ಎಂದೆ. ಮೊದಲು ಒಲ್ಲೆ ಎಂದರು. ಆಮೇಲೆ ಅವರಿಗೇ ಕುತೂಹಲ ಹುಟ್ಟಿತು. ಅದೇ ಚೀಟಿಗಳು, ಈ ಸಲ ಮಡಚಿ, ಕಲಸಿ, ಯಾರದೆಂದು ಇಬ್ಬರಿಗೂ ಗೊತ್ತಿಲ್ಲದ ಹಾಗೆ ಹಾಕಿದೆವು. ಒಂದು ಚೀಟಿಗೆ ಲೋಟಾ ಜೋರಾಗಿಯೇ ತಿರುಗಿತು. ಬಿಚ್ಚಿದರೆ ಖಾಲಾ ಹೆಸರೇ ಇತ್ತು. ಮನೆಯವರ ಒಂದು ಹೆಸರೂ ಬಿಡಬಾರದೆಂದು ಮೊದಲ ಸಲವೇ ತಮ್ಮದನ್ನೂ ಅವರೇ ಬರೆಸಿದ್ದರು.

"ಮೈಚ್ ಚೋರ್ ಕ್ಯಾ ರೇ?" ಎಂದರು. ಕಳ್ಳಿ ನಾನೇ ಏನೋ, ಎಂದು. ದುಪಟ್ಟಾ ಬಾಯಿಗೆ ಒತ್ತಿಕೊಂಡು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನಗು ನಿಂತ ಮೇಲೆ ಮನೆಗೆಲಸದವಳ ಚೀಟಿಯನ್ನು ಹುಡುಕಿ ಬಿಚ್ಚಿ ನೋಡಿದರು.

ಮರುದಿನ ತಾವೇ ಆಟೋ ಹಿಡಿದು ಅವಳ ಮನೆಗೆ ಹೋದರು. ಏನು ಮಾತಾಡಿದರೋ ನನಗೆ ಹೇಳಲಿಲ್ಲ. ಅವಳು ಕೆಲಸಕ್ಕೆ ಮರಳಿ ಬಂದಳು. ಓಲೆ ಇವತ್ತಿಗೂ ಸಿಕ್ಕಿಲ್ಲ.