ನಾನೇ ಓದಲಾರದ ನನ್ನ ಮಾತು

ತಿರುವನಂತಪುರಕ್ಕೆ ಬಂದ ಮೇಲೆ ಮೊದಲ ಸಲ ಪತ್ರಿಕೆಯಲ್ಲಿ ನನ್ನ ಫೋಟೋ ಬಂತು. ಪಕ್ಕದಲ್ಲಿ ನಾನು ಹೇಳಿದೆನೆಂಬ ಮಾತು. ಅದು ಮಲಯಾಳಂನಲ್ಲಿತ್ತು, ನನಗೇ ಓದಲು ಬರಲಿಲ್ಲ!

ಓದಿ ಹೇಳಿದವರು ಮನೆಯೊಡತಿ ಲೀಲಚೇಚಿ. ಚೇಚಿ ಎಂದರೆ ಅಕ್ಕ. ಜೋಳದ ರೊಟ್ಟಿ ಸಿಗದ ಈ ಊರಲ್ಲಿ ನನಗೆ ಕಪ್ಪ, ಅಂದರೆ ಮರಗೆಣಸು, ಬೇಯಿಸಿ ಕೊಟ್ಟವರು ಅವರೇ.

"ಕೆಲವೇ ತಿಂಗಳಲ್ಲಿ ಔಷಧಿ ಆಸ್ಪತ್ರೆಗೆ ಬರುತ್ತದೆ ಅಂದಿದ್ದೀಯಲ್ಲ, ಮೋಳೇ?" ಎಂದರು. ಮೋಳೇ ಎಂದರೆ ಮಗಳೇ.

ಥೂ! ನಾನು ಹಾಗೆ ಹೇಳಿಯೇ ಇರಲಿಲ್ಲ. ನಮ್ಮ ಲ್ಯಾಬಿನ ಮುಖ್ಯಸ್ಥರು ತಮ್ಮ ಮಾತನ್ನು ನನ್ನ ಬಾಯಿಗೆ ತುರುಕಿದ್ದರು. ನಮ್ಮ ಕೆಲಸ ಇಷ್ಟೇ: ಬಾಲ ಬಡಿದು ತಾನಾಗಿ ಈಜುವ, ಕಣ್ಣಿಗೆ ಕಾಣದ ಪಾಚಿಯ ಕಣಕ್ಕೆ ಔಷಧಿ ಅಂಟಿಸಿ ಶ್ವಾಸಕೋಶಕ್ಕೆ ಬಿಡುವುದು. ಸೋಂಕು ಅಡಗಿದ ಮೂಲೆಮೂಲೆಗೂ ಅದು ಈಜಿ ಹೋಗುತ್ತದೆ. ಇಲಿಗಳಲ್ಲಿ ಫಲ ಕೊಟ್ಟಿದೆ. ಮನುಷ್ಯರಿಗೆ ಯಾವಾಗಲೋ, ದೇವರಿಗೇ ಗೊತ್ತು.

ಚೇಚಿಯ ಗಂಡ ಆಗ ಐಸಿಯುನಲ್ಲಿದ್ದರು. ನ್ಯುಮೋನಿಯಾ, ಯಾವ ಆಂಟಿಬಯೋಟಿಕ್ಕಿಗೂ ಬಗ್ಗುತ್ತಿರಲಿಲ್ಲ.

"ಸ್ವಲ್ಪ ಕೊಡು ಮೋಳೇ. ಯಾರಿಗೂ ಹೇಳುವುದಿಲ್ಲ," ಎಂದು ಕೈ ಹಿಡಿದುಕೊಂಡರು.

ಧಾರವಾಡದಲ್ಲಾಗಿದ್ದರೆ ಕೂರಿಸಿ, ಬಿಡಿಸಿ ಹೇಳುತ್ತಿದ್ದೆ. ಇಲ್ಲಿ ನನ್ನ ಮಲಯಾಳಂ ತರಕಾರಿ ಕೊಳ್ಳುವಷ್ಟು, ಆಟೋದವನ ಜೊತೆ ಜಗಳವಾಡುವಷ್ಟು. "ಪಟ್ಟಿಲ್ಲ ಚೇಚಿ" ಅಂದೆ, ಆಗುವುದಿಲ್ಲ ಅಂತ. ಕೊಡಲು ಮನಸ್ಸಿಲ್ಲ ಎಂಬಂತಾಯಿತು.

ಮರುದಿನ ಲ್ಯಾಬಿಗೆ ಟಿವಿಯವರು ಬಂದರು. ನಾನು ಮುಖ್ಯಸ್ಥರ ಕೋಣೆಗೆ ನುಗ್ಗಿ ಕೇಳಿದೆ: "ಸರ್, ನಾನು ಹೇಳದ್ದನ್ನು ನನ್ನ ಹೆಸರಲ್ಲಿ ಯಾಕೆ ಹಾಕಿಸಿದಿರಿ?"

"ಜನರಿಗೆ ಒಂದಿಷ್ಟು ಭರವಸೆ ಬೇಡವೇ?" ಎಂದು ನಕ್ಕರು.

ಮೈಯೆಲ್ಲ ಉರಿದುಹೋಯಿತು. ಭರವಸೆಯಂತೆ! ಅದನ್ನು ನಂಬಿ ನನ್ನ ಕೈ ಹಿಡಿದ ಹೆಂಗಸಿಗೆ ಇವರು ಉತ್ತರ ಕೊಡುತ್ತಾರೇನು? ಕ್ಯಾಮೆರಾದ ಮುಂದೆ ನಿಂತು ಹರಕುಮುರುಕು ಮಲಯಾಳಂನಲ್ಲೇ ಹೇಳಿದೆ, ಇದಿನ್ನೂ ಇಲಿಗೆ ಮಾತ್ರ, ಮನುಷ್ಯರಿಗಲ್ಲ ಎಂದು. ಆ ಭಾಷೆಯಲ್ಲಿ ನಾನು ಆಡಿದ ಮೊದಲ ದೊಡ್ಡ ಮಾತು ಅದು. ಟಿವಿಯವರು ಅಷ್ಟನ್ನೇ ಕತ್ತರಿಸಿ ಉಳಿದದ್ದನ್ನು ತೋರಿಸಿದರು.

ಆ ವಾರವೇ ಚೇಚಿಯ ಗಂಡ ತೀರಿಕೊಂಡರು.

"ಸಾಕು ಬಿಡವಾ, ಊರಿಗೆ ಬಂದುಬಿಡು. ಅಲ್ಲಿ ನಿನಗ ಯಾರದಾರ?" ಎಂದಳು ಅವ್ವ ಫೋನಿನಲ್ಲಿ.

ಸಂಜೆ ಚೇಚಿಯ ಬಾಗಿಲಲ್ಲಿ ನಿಂತೆ. ಬೈಯುತ್ತಾರೆಂದುಕೊಂಡಿದ್ದೆ, ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಒಳಗೆ ಕರೆದು ಪಕ್ಕದಲ್ಲಿ ಕೂರಿಸಿಕೊಂಡರು. ಟಿವಿಯವರು ಕತ್ತರಿಸಿದ ಆ ಇಲಿಗಳ ಮಾತನ್ನು ನನಗೆ ಬಂದಷ್ಟು ಮಲಯಾಳಂನಲ್ಲಿ ಅವರಿಗೆ ಹೇಳಿದೆ.

"ಆ ಇಲಿಗಳು ಬದುಕಿದವಾ, ಮೋಳೇ?"

"ಬದುಕಿದವು, ಚೇಚಿ."

ಧಾರವಾಡದಲ್ಲಿ ನಾನು ಅವ್ವನ ಮಗಳು. ಇಲ್ಲಿ, ಇಷ್ಟೆಲ್ಲ ಆದ ಮೇಲೂ, ಇವರು ನನ್ನನ್ನು ಮೋಳೇ ಎಂದೇ ಕರೆಯುತ್ತಾರೆ. ಅವ್ವನಿಗೆ ಇನ್ನೂ ಉತ್ತರ ಹೇಳಿಲ್ಲ.