ತಲೆಗೊಂದು ಹಿಡಿ ಜೋಳ

2017ರ ಜೂನ್ ತಿಂಗಳಲ್ಲಿ ನನ್ನನ್ನು ನವಲಗುಂದ ತಾಲ್ಲೂಕಿನ ಒಂದು ಹಳ್ಳಿಯ ಚರ್ಚಿಗೆ ಸಭಾಪಾಲಕನನ್ನಾಗಿ ನೇಮಿಸಿದರು. ಊರು ಮೊರಬದಿಂದ ಐದು ಕಿಲೋಮೀಟರ್. ನನಗಾಗ ಇಪ್ಪತ್ತೈದು ವರ್ಷ, ದೈವಶಾಸ್ತ್ರದ ಪದವಿ ಮುಗಿದು ಎರಡು ತಿಂಗಳು, ಮದುವೆಯಾಗಿ ಮೂರು ವಾರ. ಸಭೆ ಎಂದರೆ ನಮ್ಮಲ್ಲಿ ಒಂದು ಚರ್ಚಿಗೆ ಸೇರಿದ ಕುಟುಂಬಗಳ ಒಕ್ಕೂಟ. ಈ ಸಭೆಯಲ್ಲಿ ಮೂವತ್ನಾಲ್ಕು ಮನೆಗಳಿದ್ದವು. ಹೆಚ್ಚಿನವರು ಕೂಲಿಯವರು, ಒಬ್ಬಿಬ್ಬರಿಗೆ ಎರಡು ಎಕರೆ ಎರೆಹೊಲ, ನಾಲ್ಕೈದು ಮಂದಿಗೆ ನೌಕರಿ ಇಲ್ಲವೇ ಪೆನ್ಶನ್.

ದಿನಚರಿ ಬರೆಯುವುದು ನನಗೆ ಪ್ರೌಢಶಾಲೆಯಿಂದ ಬಂದ ಚಟ. ಎಷ್ಟು ಜನ ಆರಾಧನೆಗೆ ಬಂದರು, ಯಾರ ಮನೆಗೆ ಹೋದೆ, ಎಷ್ಟು ಸಲ ಕರೆ ಬಂತು, ಎಲ್ಲವನ್ನೂ ಬರೆದಿಡುತ್ತಿದ್ದೆ. ಈಗ ಹೇಳುತ್ತಿರುವುದು ಆ ಪುಸ್ತಕಗಳನ್ನು ಮತ್ತೆ ತೆರೆದು ನೋಡಿಯೇ.

ಮೊದಲು ನನ್ನ ಸಂಬಳದ ಏರ್ಪಾಡನ್ನು ಹೇಳಬೇಕು. ದೊಡ್ಡ ಪೇಟೆಯ ಸಭೆಗಳು ಕೇಂದ್ರ ಕಚೇರಿಗೆ ವರ್ಷಕ್ಕಿಷ್ಟು ಎಂದು ಹಣ ಕಟ್ಟುತ್ತವೆ. ಇದಕ್ಕೆ ಅಸೆಸ್‌ಮೆಂಟ್ ಎನ್ನುತ್ತಾರೆ. ಕಚೇರಿ ಆ ಹಣದಿಂದ ಸಭಾಪಾಲಕರಿಗೆ ಸಂಬಳ ಕೊಡುತ್ತದೆ. ನಮ್ಮಂಥ ಸಣ್ಣ ಸಭೆಗೆ ಅಷ್ಟು ಕಟ್ಟಲಾಗದು. ಹಾಗಾಗಿ ಅರ್ಧ ಸಂಬಳ ಕಚೇರಿಯದು, ಉಳಿದ ನಾಲ್ಕು ಸಾವಿರ ಸಭೆಯದು. ಆ ನಾಲ್ಕು ಸಾವಿರದ ಒಂದು ಭಾಗ ಕಾಣಿಕೆ ಪೆಟ್ಟಿಗೆಯಿಂದ ಬರುತ್ತಿತ್ತು, ಇನ್ನೊಂದು ಭಾಗ ಜೋಳವಾಗಿ.

ಜೋಳದ ಪದ್ಧತಿ ಹೀಗಿತ್ತು. ವಾರಕ್ಕೊಮ್ಮೆ ಹೆಣ್ಣುಮಕ್ಕಳು ಜೋಳ ಹಸನು ಮಾಡಿ ಗಿರಣಿಗೆ ಒಯ್ಯುತ್ತಾರಲ್ಲ, ಒಯ್ಯುವ ಮುನ್ನ ಬುಟ್ಟಿಯಿಂದ ಮನೆಯಲ್ಲಿರುವ ತಲೆಗೊಂದು ಹಿಡಿಯಂತೆ ತೆಗೆದು ಬೇರೆ ಚೀಲಕ್ಕೆ ಹಾಕುವುದು. ಐದು ಜನರಿದ್ದರೆ ಐದು ಹಿಡಿ. ತಿಂಗಳ ಮೊದಲ ಭಾನುವಾರ ಆರಾಧನೆ ಮುಗಿದ ಮೇಲೆ ಆ ಚೀಲವನ್ನು ತಂದು ಸಭಾಪಾಲಕನ ಮನೆಯ ಪಡಸಾಲೆಯಲ್ಲಿ ಸುರಿಯುವುದು. ಸುರಿಯುವಾಗ ಪ್ರತಿಯೊಬ್ಬಾಕೆಯೂ ಗಟ್ಟಿಯಾಗಿ ಒಂದು ಸಂಖ್ಯೆ ಹೇಳುತ್ತಿದ್ದಳು: "ಐದು", "ಏಳು", "ಎರಡು". ಅದು ಲೆಕ್ಕ ಒಪ್ಪಿಸುವ ರೀತಿ ಇರಬೇಕೆಂದು ನಾನು ತಿಳಿದೆ.

ಆ ಭಾನುವಾರಗಳು ಈಗಲೂ ನೆನಪಾಗುತ್ತವೆ. ಹಾಸಿದ ತಾಡಪತ್ರಿಯ ಮೇಲೆ ಬಿಳಿಜೋಳ ಬಿದ್ದಾಗಿನ ಸದ್ದು, ಮೂಗಿಗೇರುವ ಸಣ್ಣ ಧೂಳು, ಪಡಸಾಲೆಯ ತುಂಬ ಹೆಣ್ಣುಮಕ್ಕಳ ಮಾತು. ನನ್ನ ಹೆಂಡತಿ ಸುನೀತಾ ಬೆಳಗಾವಿ ಪೇಟೆಯಲ್ಲಿ ಬೆಳೆದವಳು, ರೊಟ್ಟಿ ಬಡಿಯಲು ಅಷ್ಟಾಗಿ ಬರುತ್ತಿರಲಿಲ್ಲ. "ಅಯ್ಯನೋರಿಗೆ ಇಷ್ಟು ಜೋಳ ಕೊಡ್ತೀವಿ, ಅಮ್ಮಾರು ಚಪಾತಿ ಮಾಡಿ ಹಾಕ್ತಾರ!" ಎಂದು ಅವರು ಅವಳನ್ನು ಕಾಡುತ್ತಿದ್ದರು. ಎರಡೇ ತಿಂಗಳಲ್ಲಿ ಕಲಿಸಿಯೂ ಬಿಟ್ಟರು.

ನಾನು ಮಾತ್ರ ಅಂಗಡಿಯಿಂದ ಒಂದು ತಕ್ಕಡಿ ತಂದು, ಎಲ್ಲರ ಜೋಳ ಬಿದ್ದ ಮೇಲೆ ಒಟ್ಟಿಗೆ ತೂಗುತ್ತಿದ್ದೆ. ಜುಲೈ ಮೂವತ್ತಾರೂವರೆ ಕಿಲೋ, ಆಗಸ್ಟ್ ಮೂವತ್ತೈದು. ತೂಗಿದ ಮೇಲೆ ಎಲ್ಲರನ್ನೂ ನಿಲ್ಲಿಸಿ ಒಂದು ಸಾಮೂಹಿಕ ಪ್ರಾರ್ಥನೆ, ಎರಡು ನಿಮಿಷ. ಆಮೇಲೆ ತಿನ್ನುವಷ್ಟು ಇಟ್ಟುಕೊಂಡು ಉಳಿದದ್ದನ್ನು ಅಣ್ಣಿಗೇರಿಯ ಪೇಟೆಗೆ ಕಳಿಸುವುದು.

ಆ ಚಳಿಗಾಲದಲ್ಲಿ ನನ್ನ ಮನಸ್ಸು ಕೆಟ್ಟಿತು. ಒಂದು ದಿನ ಸೈಕಲ್‌ ಮೇಲೆ ಹೋಗುತ್ತಿದ್ದಾಗ ಮೆಣಸಿನಕಾಯಿ ಹೊಲದಲ್ಲಿ ಹಣ್ಣು ಬಿಡಿಸುತ್ತಿದ್ದ ರಾಹೇಲವ್ವನನ್ನು ಕಂಡೆ. ಅರವತ್ತೈದರ ವಿಧವೆ, ಸೊಸೆ ಮತ್ತು ಮೊಮ್ಮಗಳ ಜೊತೆ ಇದ್ದಾಕೆ. ಸೊಂಟ ನೆಟ್ಟಗಾಗಿಸಲು ಎರಡು ಸಲ ಪ್ರಯತ್ನಿಸಿ, ಮೂರನೆಯ ಸಲ ನಿಂತು ನನಗೆ ಕೈ ಎತ್ತಿದಳು. ಈಕೆಯ ಬುಟ್ಟಿಯ ಜೋಳ ತಿಂದು ನಾನು ಉಪದೇಶ ಮಾಡುತ್ತಿದ್ದೇನೆ ಎನಿಸಿತು. ಗುಡಾರ ಹೊಲಿದು ತನ್ನ ಹೊಟ್ಟೆ ತಾನು ಹೊರೆದುಕೊಂಡು ಯೇಸುವಿನ ಮಾತು ಸಾರಿದ ಬೈಬಲಿನ ಅಪೊಸ್ತಲನ ಕುರಿತು ಕಾಲೇಜಿನಲ್ಲಿ ಪ್ರಬಂಧ ಬರೆದು ಬಹುಮಾನ ಪಡೆದವನು ನಾನು. ಅದು ಬರಿಯ ಪ್ರಬಂಧವಾಗಿ ಉಳಿಯಬಾರದೆಂದು ನಿಶ್ಚಯಿಸಿದೆ.

2018ರ ಜೂನ್‌ನಲ್ಲಿ ನವಲಗುಂದದ ಒಂದು ಖಾಸಗಿ ಪ್ರೌಢಶಾಲೆಯಲ್ಲಿ ಗಣಿತದ ಮಾಸ್ತರನ ಕೆಲಸ ಸಿಕ್ಕಿತು, ತಿಂಗಳಿಗೆ ಏಳು ಸಾವಿರ. ಕಚೇರಿಯವರು ಒಂದು ವರ್ಷ ಮಾಡಿ ನೋಡೆಂದರು. ಮುಂದಿನ ಭಾನುವಾರ ಪೀಠದಿಂದ ಪ್ರಕಟಿಸಿದೆ: ಇನ್ನು ಮೇಲೆ ನಿಮ್ಮ ನಾಲ್ಕು ಸಾವಿರ ನನಗೆ ಬೇಡ, ಜೋಳವೂ ಬೇಡ.

ಆರಾಧನೆ ಮುಗಿಸಿ ಜನ ಮನೆಗೆ ಹೊರಟರು. ಸಮುವೇಲಪ್ಪನವರೊಬ್ಬರೇ ಹೊರಗೆ ಬಂದು ನನ್ನ ಕೈ ಹಿಡಿದು ಕುಲುಕಿದರು. ಅವರು ನಿವೃತ್ತ ಬಸ್ ಚಾಲಕರು, ಸಭೆಯ ಖಜಾಂಚಿ, ಕಾಸಿಗೆ ಕಾಸು ಜೋಡಿಸುವವರು. "ಬಿಟ್ಟಿ ಅಯ್ಯನೋರು ಸಿಗೂದಂದ್ರ ಸಾಮಾನ್ಯ ಮಾತೇನ್ರಿ? ಮುಂದಿನ ಮಳಿಗಾಲದೊಳಗ ಚರ್ಚಿನ ಪತ್ರಾ ಎಲ್ಲಾ ಬದಲಿ ಮಾಡೂಣು," ಎಂದರು. ಚರ್ಚಿನ ತಗಡಿನ ಮಾಡು ಏಳು ಕಡೆ ಸೋರುತ್ತಿತ್ತು. ನನಗೂ ಸಂತೋಷವಾಯಿತು.

ಬೆಳಿಗ್ಗೆ ಎಂಟೂವರೆಯ ಬಸ್ಸಿಗೆ ಹೋಗಿ ಸಂಜೆ ಆರಕ್ಕೆ ಬರುತ್ತಿದ್ದೆ. ಭಾನುವಾರದ ಆರಾಧನೆ, ಬುಧವಾರ ಸಂಜೆಯ ಕೂಟ ಒಂದೂ ತಪ್ಪಿಸಲಿಲ್ಲ. ದಿನಚರಿಯ ಒಂದು ಸಾಲು ಮಾತ್ರ ಬದಲಾಯಿತು. ಕಾಯಿಲೆ, ಜಗಳ, ನಾಮಕರಣ ಎಂದು ಜನ ಮನೆಗೆ ಕರೆಯುವುದನ್ನು 'ಕರೆ' ಎಂದು ಬರೆಯುತ್ತಿದ್ದೆ. ಮೊದಲ ಹನ್ನೆರಡು ತಿಂಗಳಲ್ಲಿ ಎಂಬತ್ತೇಳು ಕರೆಗಳು ಬಂದಿದ್ದವು. ಜೂನ್‌ನಿಂದ ಡಿಸೆಂಬರ್ ನಡುವಿನವರೆಗೆ ಬಂದದ್ದು ಹದಿನಾಲ್ಕು. ಅದರ ಪಕ್ಕದಲ್ಲಿ ನನ್ನದೇ ಅಕ್ಷರದಲ್ಲಿ ಹೀಗಿದೆ: 'ಸಭೆ ಸ್ವಾವಲಂಬಿಯಾಗುತ್ತಿದೆ. ಸಂತೋಷ.' ಈಗ ಓದಿದರೆ ಕಿವಿ ಬಿಸಿಯಾಗುತ್ತದೆ.

ರಾಹೇಲವ್ವನ ಹೆಸರಿನ ಮುಂದೆ ಹನ್ನೊಂದು ಭಾನುವಾರ 'ಗೈರು' ಎಂದಿತ್ತು. ಮೊಣಕಾಲು ನೋವಿರಬೇಕು, ಮೆಣಸಿನಕಾಯಿ ಸುಗ್ಗಿಯಿರಬೇಕು ಎಂದುಕೊಂಡಿದ್ದೆ. ಡಿಸೆಂಬರ್‌ನ ಒಂದು ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ನೇರ ಅವಳ ಮನೆಗೆ ಹೋದೆ. ಕಟ್ಟೆಯ ಮೇಲೆ ಕುಳಿತು ಮೊರದಲ್ಲಿ ಜೋಳ ಕೇರುತ್ತಿದ್ದಳು. ಕೇರುವುದನ್ನು ನಿಲ್ಲಿಸಲಿಲ್ಲ.

"ಬರ್ರಿ ಮಾಸ್ತರ. ಹಾಜರಿ ಹಿಡಿಯಾಕ ಬಂದೀರೇನು?"

ಒಂದು ವರ್ಷದ ಹಿಂದೆ ಇವಳ ಬಾಯಲ್ಲಿ ನಾನು 'ಅಯ್ಯನೋರು' ಆಗಿದ್ದೆ.

"ಹನ್ನೊಂದು ವಾರ ಆತವ್ವ ನೀವು ಬಂದಿಲ್ಲ. ಮೈಯಾಗ ಆರಾಮ ಇಲ್ಲೇನು?"

"ಮೈ ಅಗದಿ ಆರಾಮ ಐತ್ರಿ. ಹೆಸರು ಹೊಡದು ಹಾಕಿದ ಮ್ಯಾಲ ಬಂದು ಏನ್ ಮಾಡೂದು?"

"ಯಾರು ಹೊಡದು ಹಾಕ್ಯಾರ? ರಿಜಿಸ್ಟರಿನ್ಯಾಗ ನಿಮ್ಮ ಹೆಸರು ಐತಲ್ಲ."

"ನಂದಲ್ರೀ. ಪ್ರಭಾಕರಂದು."

ಪ್ರಭಾಕರ ಅವಳ ಮಗ. ಗೋವಾಕ್ಕೆ ಕಟ್ಟಡದ ಕೆಲಸಕ್ಕೆ ಹೋದವನು. ಒಂದು ವರ್ಷ ಫೋನ್ ಮಾಡಿದ್ದ. ಆಮೇಲೆ ಮೂರು ವರ್ಷದಿಂದ ಸುದ್ದಿಯಿಲ್ಲ. ಇಷ್ಟು ನನಗೆ ತಿಳಿದಿತ್ತು.

ಅವಳು ಮೊರ ಕೆಳಗಿಟ್ಟಳು. "ನಮ್ಮನ್ಯಾಗ ಎಷ್ಟು ಮಂದಿ ಅದೀವಿ? ಮೂರು. ನಾ ಜೋಳ ಸುರುವಾಗ ಎಷ್ಟು ಅಂತಿದ್ದೆ?"

ನನಗೆ ನೆನಪಾಗಲಿಲ್ಲ. ಒಟ್ಟು ಕಿಲೋ ನೆನಪಿತ್ತು.

"ನಾಕು ಅಂತಿದ್ದೆ. ಹಿಂದಿನ ಅಯ್ಯನೋರು ಎಷ್ಟಂತೀವೋ ಅಷ್ಟೂ ಹೆಸರು ಹಿಡದು ಪ್ರಾರ್ಥನಿ ಮಾಡ್ತಿದ್ರು. ಮಧ್ಯಾಹ್ನ ಎರಡು ಆಗ್ತಿತ್ತು, ಹೊಟ್ಟಿ ಹಸೀತಿತ್ತು, ಆದ್ರ ಒಂದು ಹೆಸರು ಬಿಡ್ತಿದ್ದಿಲ್ಲ. ನೀವು ಬಂದು ತಕ್ಕಡಿ ಹಿಡದ್ರಿ, ಹೆಸರು ಬಿಟ್ರಿ. ಇರಲಿ, ಎಳೇ ಹುಡುಗ, ಕಲೀತಾನ ಅಂದ್ನಿ. ಆಮ್ಯಾಲ ಜೋಳಾನೂ ಬ್ಯಾಡ ಅಂದ್ರಿ. ಊರ ಮಂದಿ ಎಲ್ಲಾ ಅವನ ಆಸೆ ಬಿಟ್ಟಾರ. ಅವ ಅದಾನ ಅಂತ ನಾ ನಾಕ ಮಂದಿ ಮುಂದ ಹೇಳಾಕ ಅದೊಂದು ಹಿಡಿ ಇತ್ರಿ. ಈಗ ಎಲ್ಲಿ ಹೋಗಿ ಸುರೂಲಿ ಅದನ್ನ?"

ಒಳಗೆ ಹೋಗಿ ಒಂದು ಎಣ್ಣೆಯ ಡಬ್ಬಿ ತಂದು ನನ್ನ ಮುಂದಿಟ್ಟಳು. ಜೂನ್‌ನಿಂದ ವಾರಕ್ಕೊಂದು ಹಿಡಿಯಂತೆ ಹಾಕುತ್ತ ಬಂದ ಜೋಳ. ತಳದ್ದಕ್ಕೆ ನುಸಿ ಹತ್ತಿತ್ತು.

ಮೊಮ್ಮಗಳು ಹೇಗಿದ್ದಾಳೆಂದು ಕೇಳಿದೆ. "ಹ್ವಾದ ತಿಂಗಳ ಜ್ವರ ಬಂದು ಮೂರು ದಿನ ನವಲಗುಂದ ದವಾಖಾನ್ಯಾಗ ಇತ್ತು," ಎಂದಳು. ನನ್ನ ಶಾಲೆಯಿಂದ ಆ ದವಾಖಾನೆಗೆ ನಡೆದರೆ ಐದು ನಿಮಿಷ.

"ನನಗ ಯಾಕ ಹೇಳಲಿಲ್ಲವ್ವ?"

"ಯಾವ ಬಾಯಿಲೆ ಕರೀಲ್ರಿ? ನಮ್ಮದು ಅಂತ ನಿಮ್ಮ ಮನ್ಯಾಗ ಏನ್ ಐತಿ?"

ಮನೆಗೆ ಬಂದು ಎಂಬತ್ತೇಳನ್ನೂ ಹದಿನಾಲ್ಕನ್ನೂ ಪಕ್ಕದಲ್ಲಿಟ್ಟು ನೋಡಿದೆ. ಕರೆಗಳು ಕಡಿಮೆಯಾದದ್ದು ಕಷ್ಟಗಳು ಕಡಿಮೆಯಾಗಿ ಅಲ್ಲ. ನಾನು ಬೇಡವೆಂದದ್ದು ಜೋಳವನ್ನು. ಅವರಿಗೆ ಕೇಳಿಸಿದ್ದು, ನಿಮ್ಮ ಹಂಗು ನನಗಿಲ್ಲ, ನನ್ನ ಮೇಲೆ ನಿಮಗೆ ಅಧಿಕಾರವಿಲ್ಲ ಎಂದು.

2019ರ ಜನವರಿಯ ಮೊದಲ ಭಾನುವಾರ ಸಭೆಯ ಸಮಿತಿ ಕೂಡಿತು. ಹೆಣ್ಣುಮಕ್ಕಳನ್ನೂ ಬರಹೇಳಿದೆ. ರಾಹೇಲವ್ವ ಬಂದು ಬಾಗಿಲ ಬಳಿ ಕುಳಿತಳು. ಮಾರ್ಚ್ ಪರೀಕ್ಷೆ ಮುಗಿಸಿ ಶಾಲೆ ಬಿಡುತ್ತೇನೆ, ನೀವು ಒಪ್ಪಿದರೆ ಮೊದಲಿನ ಪದ್ಧತಿ ಶುರುವಾಗಲಿ ಎಂದು ಕೇಳಿಕೊಂಡೆ. ಒಪ್ಪದಿದ್ದರೆ ನಾನು ವರ್ಗ ಕೇಳುವವನಿದ್ದೆ. ಜನ ಕರೆಯದ ಊರಿನಲ್ಲಿ ಸಭಾಪಾಲಕನಾಗಿ ಇರುವುದು ನನ್ನಿಂದ ಆಗದಿತ್ತು.

ಸಮುವೇಲಪ್ಪ ಎದ್ದರು. ಅವರ ಮಾತಿನಲ್ಲಿ ನ್ಯಾಯವಿತ್ತು. "ಅಯ್ಯನೋರ, ಸಿಟ್ಟಿಗೇಳಬ್ಯಾಡ್ರಿ. ಮಂದಿ ದುಡ್ಡಿನ್ಯಾಗ ಕಾರು ತಗೊಂಡ ಪಾಸ್ಟರಗೋಳನ್ನ ನಾ ನೋಡೀನಿ. ನೀವು ದುಡದು ತಿಂದ್ರಿ, ನನಗ ಅಗದಿ ಹೆಮ್ಮಿ ಆಗಿತ್ತು. ಅರ್ಧಾ ಪತ್ರಾದ ರೊಕ್ಕ ಜಮಾ ಆಗೇತಿ. ಈಗ ಹಿಂದಕ ಸರದ್ರ ಹ್ಯಾಂಗ?"

ರಾಹೇಲವ್ವ ಕುಳಿತಲ್ಲಿಂದಲೇ ಹೇಳಿದಳು: "ಸೋರಿದ್ರ ಬಾಜೂಕ ಸರದು ಕುಂದ್ರೂಣು. ಇಷ್ಟು ವರ್ಷ ಹಂಗ ಕುಂತೀವಿ."

"ಒಂದು ಹಿಡಿ ಜೋಳಾ ಕೊಟ್ಟು ಅಯ್ಯನೋರನ್ನ ಕೊಂಡ್ಕೊಂಡೀ ಏನಬೇ?"

"ಒಂದಲ್ಲೋ, ನಾಕು. ನೀನೂ ಕೊಂಡ್ಕೋ. ಪೆನ್ಶನ್ ಬರತೈತಿ ನಿನಗ, ಇಡೀ ಒಂದು ಚೀಲ ಕೊಡು. ನಿನ್ನ ಹೆಂಡತಿ ಕಣ್ಣಿನ ಆಪರೇಶನ್ ಆದಾಗ ಪ್ರಾರ್ಥನಿಗೆ ಯಾರನ್ನ ಕರದಿ? ಯಾರನ್ನೂ ಇಲ್ಲ! ಬಿಟ್ಟಿ ಅಯ್ಯನೋರನ್ನ ಕರಿಯಾಕ ನಿನಗೂ ನಾಚಿಕಿ ಬಂತಿಲ್ಲೊ?"

ಎಲ್ಲರೂ ನಕ್ಕರು. ಸಮುವೇಲಪ್ಪ ನಗಲಿಲ್ಲ. ಲೆಕ್ಕದ ಪುಸ್ತಕದ ಅಂಚು ಸವರುತ್ತ, "ಆಪರೇಶನ್ ದಿನ ನೀವು ಸಾಲ್ಯಾಗ ಇದ್ರಿ. ಕರೀಬೇಕಂತ ಫೋನ್ ಕೈಯಾಗ ಹಿಡದಿದ್ದೆ," ಎಂದು ನನಗೊಬ್ಬನಿಗೇ ಹೇಳುವಂತೆ ಹೇಳಿದರು. ಆಮೇಲೆ ನಿರ್ಣಯ ಬರೆದುಕೊಂಡರು. ವಿರೋಧ ಯಾರದೂ ಇರಲಿಲ್ಲ.

ಸುನೀತಾ ಆ ಸಂಜೆ, "ಏಳು ಸಾವಿರ ಬಿಟ್ಟು ನಾಲ್ಕು ಸಾವಿರಕ್ಕ ಬರ್ತೀರಿ, ನೀವ್ಯಾವ ಗಣಿತದ ಮಾಸ್ತರ್ರಿ?" ಎಂದಳು. ಹೇಳಿ, ರೊಟ್ಟಿಯ ಹಿಟ್ಟಿಗೆ ಎಸರು ಇಟ್ಟಳು.

ಏಪ್ರಿಲ್‌ನ ಮೊದಲ ಭಾನುವಾರ ಜೋಳ ಮತ್ತೆ ಬಂತು. ನಾನು ತಕ್ಕಡಿ ತೆಗೆಯಲಿಲ್ಲ. ಒಂದು ಹೊಸ ಪುಸ್ತಕದಲ್ಲಿ ಮನೆಗೊಂದು ಪುಟ ಮಾಡಿ, ಹೇಳಿದ ಸಂಖ್ಯೆಯನ್ನೂ ಹೆಸರುಗಳನ್ನೂ ಬರೆದುಕೊಂಡೆ. ಆರು ಇದ್ದ ಮನೆ ಏಳಾಗಿತ್ತು, ಮಗು ಹುಟ್ಟಿತ್ತು. ನಾಲ್ಕು ಇದ್ದದ್ದು ಮೂರಾಗಿತ್ತು, ಮಗಳು ಗಂಡನ ಮನೆಗೆ ಹೋಗಿದ್ದಳು. ಸಂಖ್ಯೆ ಹೇಳುವಾಗ ಒಬ್ಬಾಕೆಯ ದನಿ ಕುಸಿದರೆ, ಬುಧವಾರದೊಳಗೆ ಆ ಮನೆಗೆ ಹೋಗಬೇಕೆಂದು ತಿಳಿಯುತ್ತಿತ್ತು. ರಾಹೇಲವ್ವ "ನಾಕು" ಎಂದಳು. ನಾನು ನಾಲ್ಕೂ ಹೆಸರು ಹಿಡಿದು ಪ್ರಾರ್ಥಿಸಿದೆ. ಮುಗಿದಾಗ ಎರಡು ಗಂಟೆ ಹತ್ತು ನಿಮಿಷ.

ಚರ್ಚು ಇನ್ನೆರಡು ಮಳೆಗಾಲ ಸೋರಿತು. ಕರೆಗಳು ಮುಂದಿನ ಒಂದು ವರ್ಷದಲ್ಲಿ ನೂರಾ ಹನ್ನೆರಡು.

2022ರಲ್ಲಿ ನನಗೆ ವರ್ಗವಾಯಿತು. ಈಗ ಪೇಟೆಯ ದೊಡ್ಡ ಸಭೆಯಲ್ಲಿದ್ದೇನೆ. ಸಂಬಳ ತಿಂಗಳ ಒಂದನೆಯ ತಾರೀಕಿಗೆ ಬ್ಯಾಂಕ್ ಖಾತೆಗೆ ಬಂದು ಬೀಳುತ್ತದೆ. ಕೊಟ್ಟವರ ಮನೆಯಲ್ಲಿ ಎಷ್ಟು ಜನರೆಂದು ಬ್ಯಾಂಕಿನ ಮೆಸೇಜು ಹೇಳುವುದಿಲ್ಲ. ದುಡಿದು ತಿನ್ನುವ ಸಭಾಪಾಲಕರನ್ನು ನಾನು ಈಗಲೂ ಗೌರವಿಸುತ್ತೇನೆ. ಕೆಲವು ಊರುಗಳಲ್ಲಿ ಅದೇ ಸರಿ. ಆದರೆ ಸಭೆ ತನ್ನ ಸೇವಕನನ್ನು ಸಾಕಬೇಕೇ ಎಂದು ಕಿರಿಯರು ಕೇಳಿದಾಗ, ಅವನ ಹೊಟ್ಟೆಯ ಮಾತನ್ನು ಆಮೇಲೆ ಆಡೋಣ ಎನ್ನುತ್ತೇನೆ. ಬಡವರ ಕೈಯಿಂದ ತೆಗೆದುಕೊಳ್ಳುವಾಗ ಆಗುವ ಸಂಕೋಚ ನನ್ನದು. ಅದನ್ನು ಕಳೆದುಕೊಳ್ಳಲು ನಾನು ಅವರ ಹಕ್ಕನ್ನು ಕಿತ್ತುಕೊಂಡಿದ್ದೆ.

ನನ್ನ ನಂತರ ಆ ಸಭೆಗೆ ಬಂದವನು ಚುರುಕಾದ ಹುಡುಗ. ನಾನು ಬಿಟ್ಟುಬಂದ ಜೋಳದ ಪುಸ್ತಕವನ್ನು ಮನೆಮನೆಗೆ ಹೋಗಿ ತಾಳೆ ನೋಡಿದನಂತೆ. ಮೂರನೆಯ ತಿಂಗಳು ಫೋನ್ ಮಾಡಿದ.

"ಅಣ್ಣಾರ, ಲೆಕ್ಕಾ ಅಗದಿ ಚಲೋ ಇಟ್ಟೀರಿ. ಒಂದ ಕಡೆ ತಪ್ಪೈತಿ ನೋಡ್ರಿ. ರಾಹೇಲವ್ವನ ಮನ್ಯಾಗ ಮೂರ ಮಂದಿ ಅದಾರ, ನೀವು ನಾಕು ಬರದೀರಿ. ತಿದ್ದಲೇನ್ರಿ?"

"ತಿದ್ದಬ್ಯಾಡ," ಎಂದೆ. "ಬರೂ ಭಾನುವಾರ ಜೋಳಾ ಸುರುವಾಗ ಆಕೀನ್ನ ನಾಕೂ ಹೆಸರು ಕೇಳು. ನಾಲ್ಕನೇದನ್ನ ಸ್ವಲ್ಪ ಸಾವಕಾಶ ಹೇಳ್ತಾಳ. ಅಲ್ಲಿತನಕ ನಿಂದ್ರು."