ಕಾಲು ತೆಗೆಯದ ಅರ್ಧ ಗಂಟೆ

ಕಾದ ಎಂಜಿನ್ ಆಯಿಲಿನ ವಾಸನೆ ಮೂಗಿಗೆ ಬಿದ್ದರೆ ಸಾಕು, ಈ ವಯಸ್ಸಿನಲ್ಲೂ ನನ್ನ ಬಲಗಾಲು ತಾನೇ ತಾನಾಗಿ ಕೆಳಕ್ಕೆ ಒತ್ತಿಕೊಳ್ಳುತ್ತದೆ. ಹೊಳೆನರಸೀಪುರದ ನಮ್ಮ ಮನೆಗೆ ಅಂಟಿಕೊಂಡೇ ದೊಡ್ಡಪ್ಪನ ಬಸ್ಸಿನ ಶೆಡ್ಡಿತ್ತು. ಹಾಸನಕ್ಕೂ ಅರಕಲಗೂಡಿಗೂ ಓಡುತ್ತಿದ್ದ ಆ ಒಂದು ಬಸ್ಸೇ ಮನೆಮಂದಿಗೆಲ್ಲ ಅನ್ನ. ಶೆಡ್ಡಿನ ಗೋಡೆಯಾಚೆ ಅಜ್ಜಿಯ ಕೋಣೆ. ಮಾತು ಬಿದ್ದುಹೋಗಿ ಹಾಸಿಗೆ ಹಿಡಿದಿದ್ದ ಅಜ್ಜಿ ಏನು ಬೇಕಾದರೂ ಕೋಲಿನಿಂದ ಗೋಡೆ ಬಡಿಯುತ್ತಿದ್ದಳು. ನೀರಿಗೂ ಅದೇ, ಸಿಟ್ಟಿಗೂ ಅದೇ. ಈಗ ಆ ಗೋಡೆಯೂ ಇಲ್ಲ, ಮನೆಯೂ ಇಲ್ಲ. ಹೋದ ಮನೆಯ ಸದ್ದು ಕಿವಿಯಲ್ಲಿ ಉಳಿದುಬಿಡುವುದು ನಿಮಗೂ ಗೊತ್ತಿದ್ದೀತು.

ಯುದ್ಧದ ಕಾಲ, ಬಿಡಿಭಾಗ ಸಿಗುವುದೇ ದುರ್ಲಭ. ಎಂಜಿನ್ನಿನ ವಾಲ್ವುಗಳನ್ನು ಎತ್ತಿ ಇಳಿಸುವ ಕ್ಯಾಮ್ ಶಾಫ್ಟ್ ಸವೆದು ಬಸ್ಸು ಎರಡು ತಿಂಗಳು ನಿಂತಿತ್ತು. ಕೊನೆಗೆ ಒಂದೇ ಒಂದು ಹೊಸದು ಸಿಕ್ಕಿತು. ದೊಡ್ಡಪ್ಪ ಅದನ್ನು ಹಸುಗೂಸಿನಂತೆ ಬಟ್ಟೆಯಲ್ಲಿ ಸುತ್ತಿ ತಂದು ತಾವೇ ಕೂರಿಸಿದರು. ಅವತ್ತು ಉಳಿದವರೆಲ್ಲ ಚನ್ನರಾಯಪಟ್ಟಣಕ್ಕೆ ಮದುವೆಗೆ ಹೋಗಿದ್ದರು. ಅಜ್ಜಿಯನ್ನು ನೋಡಿಕೊಳ್ಳಲು ಹತ್ತು ವರ್ಷದ ನನ್ನನ್ನು ಬಿಟ್ಟಿದ್ದರು. ಮಧ್ಯಾಹ್ನ ದೊಡ್ಡಪ್ಪ, “ಅವ್ವ ಮನಗವ್ಳಾ?” ಎಂದು ಕೇಳಿದರು. ಡ್ರೈವರ್ ಸೀಟಿನ ಆಸೆಗೆ, ಕೋಣೆಗೆ ಇಣುಕಿಯೂ ನೋಡದೆ “ಮನಗವ್ಳೆ” ಎಂದುಬಿಟ್ಟೆ. ಅವರು ನನ್ನನ್ನು ಸೀಟಿಗೆ ಹತ್ತಿಸಿ, ಬಲಗಾಲನ್ನು ಆಕ್ಸಿಲರೇಟರ್ ಮೇಲೆ ಇಡಿಸಿ, ಬಾನೆಟ್ಟಿಗೆ ವಿಭೂತಿ ಹಚ್ಚಿದರು. “ಒಸಾ ಸಾಫ್ಟು ಪಳಗ್ಬೇಕು, ಅರ್ಧ ಗಂಟೆ ಇಂಗೇ ಒತ್ಕೊಂಡಿರವ್ವ. ನಿಂತ್ರೂ ಸಾಫ್ಟು ಕೆಟ್ಟೋಯ್ತದೆ, ನಿಧಾನ ಆದ್ರೂ ಕೆಟ್ಟೋಯ್ತದೆ. ಏನೇ ಆದ್ರೂ ಕಾಲು ತೆಗೀಬ್ಯಾಡ.”

ಎಂಜಿನ್ ಅಬ್ಬರಿಸಿತು. ತಗಡೆಲ್ಲ ನಡುಗಿತು, ಹೊಗೆ ಕಟ್ಟಿ ಬಾಗಿಲ ಬಿಸಿಲು ಹಳದಿಯಾಯಿತು. ಹತ್ತು ನಿಮಿಷ ಕಳೆದಿರಬೇಕು, ಟಕ್, ಟಕ್ ಎಂದು ಶುರುವಾಯಿತು. ದೊಡ್ಡಪ್ಪನ ಮುಖ ಇಳಿದುಹೋಯಿತು. ಮರದ ಕಡ್ಡಿಯ ಒಂದು ತುದಿಯನ್ನು ಎಂಜಿನ್ನಿಗೂ ಇನ್ನೊಂದು ತುದಿಯನ್ನು ಕಿವಿಗೂ ಇಟ್ಟು ಸದ್ದಿನ ಜಾಗವನ್ನು ಉದ್ದಕ್ಕೂ ಹುಡುಕಿದರು. ಒಂದೊಂದೇ ಪ್ಲಗ್ಗಿನ ವೈರು ಎತ್ತಿ ನೋಡಿದರು. ಆಯಿಲ್ ಸರಿಯಿತ್ತು, ನೀರು ಸರಿಯಿತ್ತು. “ಇನ್ನೂ ಒತ್ತು” ಎಂದರು, ಒತ್ತಿದೆ. ಎಂಜಿನ್ ಕಿರುಚಿತು, ಆ ಸದ್ದು ಮಾತ್ರ ಏರಲಿಲ್ಲ. “ಇದೆಂತಾ ಸೀಕು? ವೇಗಕ್ಕೆ ತಕ್ಕಂಗೆ ಬಡೀತಿಲ್ವಲ್ಲ” ಎನ್ನುತ್ತ ಮತ್ತೆ ಕಡ್ಡಿಯನ್ನು ಕಿವಿಗಿಟ್ಟರು.

ನನಗೆ ಗೊತ್ತಿತ್ತು. ಅದು ಎಂಜಿನ್ನಿನದಲ್ಲ, ನನ್ನ ಬಲಗಿವಿಯ ಪಕ್ಕದ ಗೋಡೆಯದು. ಹೇಳಿದರೆ ನನ್ನ ಸುಳ್ಳು ಬಯಲಾಗುತ್ತದೆ, ಸೀಟಿನಿಂದ ಇಳಿಸುತ್ತಾರೆ. ಅಜ್ಜಿಗೆ ನೀರು ತಾನೇ, ಆಮೇಲೆ ಕೊಟ್ಟರಾಯಿತು ಎಂದುಕೊಂಡೆ. ಸದ್ದು ಬಿಡಿಬಿಡಿಯಾಯಿತು. ನಿಂತೇಹೋಯಿತು ಅನ್ನುವಾಗ ಗಟ್ಟಿಯಾಗಿ ಇನ್ನೊಂದು ಸಲ ಬಡಿಯಿತು. ಆಮೇಲೆ ಇಲ್ಲ.

“ಪಳಗ್ತು ಕಣವ್ವ, ನಿಂತೋಯ್ತು” ಎಂದು ದೊಡ್ಡಪ್ಪ ಮಸಿ ಕೈಯಲ್ಲೇ ಕಣ್ಣೊರೆಸಿಕೊಂಡರು. ನಾನು ಇನ್ನೂ ಹತ್ತು ನಿಮಿಷ ಒತ್ತಿಕೊಂಡೇ ಕೂತಿದ್ದೆ, ಗೋಡೆಯ ಕಡೆ ತಿರುಗದೆ.

ಎಂಜಿನ್ ನಿಲ್ಲಿಸಿ ಒಳಗೆ ಹೋದಾಗ ಅಜ್ಜಿ ಗೋಡೆಗೆ ಮುಖ ಮಾಡಿ ಮಲಗಿದ್ದಳು, ಕಣ್ಣು ತೆರೆದೇ ಇತ್ತು. ನಿದ್ದೆಯಲ್ಲೇ ಹೋದಳು ಎಂದು ದೊಡ್ಡಪ್ಪ ಎಲ್ಲರಿಗೂ ಹೇಳಿದರು. ಯಾಕೆಂದರೆ ನಾನು ಹಾಗೆ ಹೇಳಿದ್ದೆ.

ಬಸ್ಸು ಎಷ್ಟೋ ವರ್ಷ ಓಡಿತು. ಏರಿನಲ್ಲಿ ನಯವಾಗಿ ಹತ್ತಿದಾಗಲೆಲ್ಲ ದೊಡ್ಡಪ್ಪ, “ಅವ್ವ ಓಗೋವಾಗ ಆ ಸದ್ದನ್ನ ತಕ್ಕೊಂಡೋದ್ಲು ಕಣವ್ವ” ಎನ್ನುತ್ತಿದ್ದರು. ತಾವು ಹಾಸಿಗೆ ಹಿಡಿದ ಮೇಲೂ ಪಕ್ಕದಲ್ಲಿ ಕೂತ ನನಗೆ ಅದನ್ನೇ ಹೇಳಿದರು. ಇವತ್ತಾದರೂ ಹೇಳಿಬಿಡೋಣ ಎಂದು ಬಾಯಿ ತೆರೆದೆ. ಅವರ ಮುಖ ನೋಡಿದೆ. “ಹೌದು ದೊಡ್ಡಪ್ಪ, ಅಜ್ಜಿಯ ಪುಣ್ಯ” ಎಂದೆ.